ಒಂದೇ ಶ್ರುತಿಗೆ ಕಿವಿಗೊಟ್ಟ ಗ್ರಹಾಂ ಬೆಲ್

2013ರ ಡಿಸೆಂಬರ್ 31ರ ರಾತ್ರಿ ದೇಶದ ನಗರಗಳು ಹೊಸ ವರ್ಷದ ಸ್ವಾಗತಕ್ಕೆ ಸಜ್ಜಾಗುತ್ತಿದ್ದ ಹೊತ್ತಿನಲ್ಲಿ ರಾಯಚೂರಿನಲ್ಲಿ ಸದ್ದಿಲ್ಲದೆ ಒಂದು ದೊಡ್ಡ ಘಟನೆ ನಡೆದುಹೋಯಿತು. ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದಿದ್ದ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣ ಭಾರತದ ವಿದ್ಯುತ್ ಜಾಲವು ಉಳಿದ ಭಾರತದ ಜಾಲದೊಡನೆ ಒಂದೇ ಲಯದಲ್ಲಿ ಬೆಸೆದುಕೊಂಡಿತು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ವಿದ್ಯುತ್ತಿನ ಮಿಡಿತ ಒಂದೇ ಆದದ್ದು ಅಂದಿನಿಂದ. ರಾಯಚೂರಿಗೆ ಇಂತಹ ಬೆಸುಗೆ ಹೊಸದೇನೂ ಅಲ್ಲ. 1871ರಲ್ಲಿ ಮುಂಬೈ ಕಡೆಯಿಂದ ಬಂದ ರೈಲು ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ ಸಂಧಿಸಿದ್ದು ಇದೇ ಊರಿನಲ್ಲಿ. ಹಳಿಯ ಜೊತೆಗೇ ತಂತಿ ಕಂಬಗಳೂ ಬಂದವು. ಅದೇ 1871ರಲ್ಲಿ ಸ್ಕಾಟ್ಲೆಂಡ್ ಮೂಲದ ಇಪ್ಪತ್ತನಾಲ್ಕು ವರ್ಷದ ಯುವಕನೊಬ್ಬ ಕಿವುಡ ಮಕ್ಕಳಿಗೆ ಪಾಠ ಹೇಳಲೆಂದು ಅಮೆರಿಕದ ಬಾಸ್ಟನ್ ನಗರಕ್ಕೆ ಬಂದಿಳಿದ. ಆತನ ಹೆಸರು ಅಲೆಕ್ಸಾಂಡರ್ ಗ್ರಹಾಂ ಬೆಲ್. ತಂತಿಯ ಮೇಲೆ ಹರಿಯುವ ವಿದ್ಯುತ್ತಿನ ಕಂಪನವನ್ನು ಗುರುತಿಸಿ ತಾನಾಗಿ ತೆರೆದು ಮುಚ್ಚುವ ಸ್ವಿಚ್ಚಿನ ಕಲ್ಪನೆಗೆ ಪೇಟೆಂಟ್ ಪಡೆದ ಮೊದಲಿಗರಲ್ಲಿ ಆತನೂ ಒಬ್ಬ ಎಂಬುದು ಅನೇಕರಿಗೆ ತಿಳಿಯದು. ರಾಯಚೂರಿನ ಆ ರಾತ್ರಿಗೂ ಬೆಲ್‌ನ ಬದುಕಿಗೂ ನಂಟು ಇರುವುದು ಇಲ್ಲಿಯೇ.

ವಿದ್ಯುತ್ ಜಾಲದ ಲಯವೆಂದರೆ ಅದರ ಆವರ್ತನ. ಬಳಕೆಯ ಮಾತಿನಲ್ಲಿ ಫ್ರೀಕ್ವೆನ್ಸಿ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಗಳಂತೆ ಹಿಂದೆ ಮುಂದೆ ತೂಗುತ್ತಿರುತ್ತದೆ. ಬೇಡಿಕೆ ಹೆಚ್ಚಿ ಉತ್ಪಾದನೆ ಸಾಲದೆ ಹೋದರೆ, ಭಾರ ಹೇರಿಕೊಂಡು ದಿಬ್ಬ ಹತ್ತುವ ಎತ್ತಿನ ಬಂಡಿಯ ಹಾಗೆ, ಜಾಲಕ್ಕೆ ಕಟ್ಟಿಕೊಂಡ ಎಲ್ಲ ಟರ್ಬೈನುಗಳ ವೇಗವೂ ಒಟ್ಟಿಗೆ ಕುಗ್ಗುತ್ತದೆ. ಶಕ್ತಿನಗರದ ಟರ್ಬೈನೇ ಆಗಲಿ, ಪಂಜಾಬಿನ ಟರ್ಬೈನೇ ಆಗಲಿ ಅದಕ್ಕೆ ಹೊರತಲ್ಲ. 50 ಇದ್ದದ್ದು 49.8, 49.5 ಎಂದು ಇಳಿಯತೊಡಗುತ್ತದೆ. ನಿಯಮದ ಪ್ರಕಾರ ಅದು 49.90ರಿಂದ 50.05ರ ನಡುವೆ ಇರಬೇಕು. ಮಿತಿ ಮೀರಿ ಇಳಿದರೆ ಟರ್ಬೈನುಗಳಿಗೆ ಹಾನಿಯಾಗುತ್ತದೆ. ಆಗ ಅವು ತಮ್ಮನ್ನು ತಾವು ಕಾಪಾಡಿಕೊಳ್ಳಲು ಒಂದೊಂದಾಗಿ ಜಾಲದಿಂದ ಕಳಚಿಕೊಳ್ಳುತ್ತವೆ. ಉಳಿದವುಗಳ ಮೇಲೆ ಭಾರ ಇನ್ನಷ್ಟು ಹೆಚ್ಚಿ, ಕೊನೆಗೆ ಇಡೀ ಜಾಲವೇ ಕುಸಿಯುತ್ತದೆ.

ಇದನ್ನು ತಡೆಯಲು ಉಪಕೇಂದ್ರಗಳಲ್ಲಿ ಒಂದು ಸಣ್ಣ ಕಾವಲುಗಾರನಿದೆ. ಅದೇ ಆವರ್ತನ ರಿಲೇ. ರಿಲೇ ಎಂದರೆ ಮನುಷ್ಯನ ಕೈ ಸೋಕದೆ ವಿದ್ಯುತ್ತೇ ಒತ್ತುವ ಸ್ವಿಚ್ಚು. ಆವರ್ತನವು ಮೊದಲೇ ಗೊತ್ತುಪಡಿಸಿದ ಅಂಕಿಗಿಂತ ಕೆಳಗಿಳಿದ ಕ್ಷಣವೇ ಅದು ತನಗೆ ಒಪ್ಪಿಸಿದ ಫೀಡರನ್ನು ಕಡಿದುಹಾಕುತ್ತದೆ. ಯಾರ ಅಪ್ಪಣೆಗೂ ಕಾಯುವುದಿಲ್ಲ. ಕಾಯುವಷ್ಟು ಸಮಯವೂ ಇರುವುದಿಲ್ಲ. ಆ ಫೀಡರಿನ ತುದಿಯಲ್ಲಿ ಮಾನ್ವಿಯ ಭತ್ತದ ಗದ್ದೆಗೆ ನೀರೆತ್ತುವ ಪಂಪ್‌ಸೆಟ್ ಇದೆಯೇ, ದೇವದುರ್ಗದ ಹಿಟ್ಟಿನ ಗಿರಣಿ ಇದೆಯೇ, ರಾಯಚೂರು ನಗರದ ಬಡಾವಣೆ ಇದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ಅದಕ್ಕೆ ಕೇಳಿಸುವುದು ಒಂದೇ ಸ್ವರ. ಆ ಸ್ವರವನ್ನು ಅದಕ್ಕೆ ಕಲಿಸಿಕೊಟ್ಟವರು ಮಾತ್ರ ಮನುಷ್ಯರು.

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಎಡಿನ್‌ಬರೋ ನಗರದಲ್ಲಿ. ಅದು ದನಿಯನ್ನೇ ಕಸುಬಾಗಿ ಮಾಡಿಕೊಂಡ ಮನೆತನ. ಅಜ್ಜ ಲಂಡನ್ನಿನಲ್ಲಿ ಶುದ್ಧ ಉಚ್ಚಾರಣೆಯ ಪಾಠ ಹೇಳುತ್ತಿದ್ದವರು. ತಂದೆ ಮೆಲ್ವಿಲ್ ಬೆಲ್ ಯಾವ ಭಾಷೆಯ ಧ್ವನಿಯನ್ನಾದರೂ ನಾಲಿಗೆ ತುಟಿಗಳ ಚಲನೆಯ ಚಿಹ್ನೆಗಳಿಂದ ಬರೆದು ತೋರಿಸುವ ಲಿಪಿಯೊಂದನ್ನು ರೂಪಿಸಿ 1867ರಲ್ಲಿ ಪ್ರಕಟಿಸಿದವರು. ತಾಯಿ ಎಲೈಝಾ ಪಿಯಾನೋ ನುಡಿಸುತ್ತಿದ್ದರು. ಆದರೆ ಅವರ ಶ್ರವಣಶಕ್ತಿ ಬರಬರುತ್ತಾ ಕುಂದಿಹೋಗಿತ್ತು. ಮನೆಯ ಉಳಿದವರು ಆಕೆಯ ಶ್ರವಣ ನಳಿಗೆಗೆ ಬಾಯಿಟ್ಟು ಕೂಗುತ್ತಿದ್ದರೆ, ಬಾಲಕ ಬೆಲ್ ತಾಯಿಯ ಹಣೆಯ ಹತ್ತಿರ ಬಾಯಿಟ್ಟು ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದ. ಕಿವಿಗೆ ಕೇಳದ ದನಿ ಮೂಳೆಯ ಕಂಪನವಾಗಿ ತಾಯಿಯನ್ನು ತಲುಪುತ್ತದೆಂದು ಆ ಮಗು ತಾನಾಗಿಯೇ ಕಂಡುಕೊಂಡಿತ್ತು. ಬೆಲ್‌ನ ಮುಂದಿನ ಎಲ್ಲ ಸಾಧನೆಗಳ ಬೇರು ಇಲ್ಲಿದೆ. ಎಲ್ಲ ಎಡವುಗಳ ಬೇರೂ ಇಲ್ಲಿಯೇ ಇದೆ.

ಪಿಯಾನೋದ ಮುಂದೆ ನಿಂತು ಒಂದು ಸ್ವರವನ್ನು ಹಾಡಿದರೆ, ಆ ಸ್ವರಕ್ಕೆ ಹೊಂದಿದ ತಂತಿ ಮಾತ್ರ ತಾನೂ ಮಿಡಿದು ಉತ್ತರ ಕೊಡುತ್ತದೆ, ಉಳಿದವು ಸುಮ್ಮನಿರುತ್ತವೆ. ಇದು ಬೆಲ್‌ನ ಮನಸ್ಸಿನಲ್ಲಿ ಅಚ್ಚೊತ್ತಿದ ಇನ್ನೊಂದು ಅನುಭವ. ವಿಜ್ಞಾನಿಗಳು ಇದನ್ನು ಅನುರಣನ ಎನ್ನುತ್ತಾರೆ. ನಮಗೂ ಇದು ಅಪರಿಚಿತವಲ್ಲ. ಜಗನ್ನಾಥದಾಸರ ಊರಾದ ಮಾನ್ವಿಯಲ್ಲಿ ತಂಬೂರಿ ಹಿಡಿದು ಕುಳಿತವರಿಗೆ ಇದನ್ನು ವಿವರಿಸಬೇಕಿಲ್ಲ. ಶ್ರುತಿ ಕೂಡಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಇನ್ನೊಂದು ಮುಟ್ಟದೆಯೇ ನುಡಿಯುತ್ತದೆ.

ಕ್ಷಯರೋಗ ಈ ಕುಟುಂಬವನ್ನು ಕಾಡಿತು. 1867ರಲ್ಲಿ ತಮ್ಮ ಎಡ್ವರ್ಡ್, 1870ರಲ್ಲಿ ಅಣ್ಣ ಮೆಲ್ವಿಲ್ ತೀರಿಕೊಂಡರು. ಉಳಿದ ಒಬ್ಬನೇ ಮಗನನ್ನಾದರೂ ಉಳಿಸಿಕೊಳ್ಳಬೇಕೆಂದು ತಂದೆತಾಯಿ ಅದೇ ವರ್ಷ ಕೆನಡಾಕ್ಕೆ ಹೊರಟು, ಒಂಟಾರಿಯೋದ ಬ್ರ್ಯಾಂಟ್‌ಫರ್ಡ್‌ನಲ್ಲಿ ನೆಲೆಸಿದರು. ಮರುವರ್ಷ ಬೆಲ್ ಬಾಸ್ಟನ್ನಿನ ಕಿವುಡ ಮಕ್ಕಳ ಶಾಲೆಯಲ್ಲಿ ತಂದೆಯ ಲಿಪಿಯನ್ನು ಬಳಸಿ ಮಾತು ಕಲಿಸಲು ತೊಡಗಿದ. 1873ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯ ಆತನನ್ನು ಧ್ವನಿಶರೀರಶಾಸ್ತ್ರದ ಪ್ರಾಧ್ಯಾಪಕನನ್ನಾಗಿ ನೇಮಿಸಿಕೊಂಡಿತು. ಹಗಲು ಪಾಠ, ರಾತ್ರಿ ಪ್ರಯೋಗ. ನಿದ್ದೆಯ ಪಾಲಿಗೆ ಉಳಿಯುತ್ತಿದ್ದುದು ಅಲ್ಪ.

ಆ ಪ್ರಯೋಗ ಯಾವುದಕ್ಕಾಗಿ? ಟೆಲಿಫೋನಿಗಾಗಿ ಎಂದು ನಾವು ಭಾವಿಸುತ್ತೇವೆ. ಅದು ನಿಜವಲ್ಲ. ಅಂದಿನ ಜಗತ್ತಿನ ದೊಡ್ಡ ತಲೆನೋವು ಟೆಲಿಗ್ರಾಫ್ ತಂತಿಯ ಇಕ್ಕಟ್ಟು. ಮೂಲ ವ್ಯವಸ್ಥೆಯಲ್ಲಿ ಒಂದು ತಂತಿಯ ಮೇಲೆ ಒಂದು ಸಲಕ್ಕೆ ಒಂದೇ ಸಂದೇಶ ಸಾಗುತ್ತಿತ್ತು. 1872ರ ಹೊತ್ತಿಗೆ ಎರಡು, 1874ರಲ್ಲಿ ಎಡಿಸನ್‌ನ ಜಾಣ್ಮೆಯಿಂದ ನಾಲ್ಕು ಸಂದೇಶಗಳನ್ನು ಕಳಿಸುವುದು ಸಾಧ್ಯವಾಯಿತು. ಹತ್ತು, ಇಪ್ಪತ್ತು ಸಂದೇಶಗಳನ್ನು ಒಂದೇ ತಂತಿಯಲ್ಲಿ ತುರುಕಬಲ್ಲವನಿಗೆ ಸಂಪತ್ತು ಕಾದಿತ್ತು. ಸಾವಿರಾರು ಮೈಲಿ ಹೊಸ ತಂತಿ ಎಳೆಯುವ ವೆಚ್ಚ ಅದರಿಂದ ಉಳಿಯುತ್ತಿತ್ತಲ್ಲವೇ?

ಬೆಲ್‌ನ ಉಪಾಯ ಪಿಯಾನೋದಿಂದ ಬಂದದ್ದು. ಹಾರ್ಮೋನಿಯಂ ಪೆಟ್ಟಿಗೆಯೊಳಗಿನ ರೀಡುಗಳನ್ನು ನೆನಪಿಸಿಕೊಳ್ಳಿ. ಅಂತಹ ಉಕ್ಕಿನ ತೆಳುಪಟ್ಟಿಗಳನ್ನು ಬೇರೆ ಬೇರೆ ಸ್ವರಕ್ಕೆ ಹದಗೊಳಿಸಿ, ಒಂದೊಂದನ್ನೂ ಒಂದೊಂದು ವಿದ್ಯುತ್ಕಾಂತದ ಮುಂದೆ ನಿಲ್ಲಿಸುವುದು. ಕಳಿಸುವ ಕಡೆಯ ಪಟ್ಟಿ ಕಂಪಿಸುತ್ತಾ ತನ್ನದೇ ವೇಗದಲ್ಲಿ ವಿದ್ಯುತ್ತನ್ನು ಕಡಿದು ಕೂಡಿಸುತ್ತದೆ. ಹಲವು ಪಟ್ಟಿಗಳ ತುಡಿತ ಒಂದೇ ತಂತಿಯಲ್ಲಿ ಬೆರೆತು ಸಾಗುತ್ತದೆ. ಆಚೆ ತುದಿಯಲ್ಲಿ ಪ್ರತಿಯೊಂದು ಪಟ್ಟಿಯೂ ತನ್ನ ಸ್ವರದ ತುಡಿತಕ್ಕೆ ಮಾತ್ರ ಮಿಡಿದು ಉಳಿದದ್ದನ್ನು ಅಲಕ್ಷಿಸುತ್ತದೆ. ಆ ಮಿಡಿತ ಇನ್ನೊಂದು ಸ್ಥಳೀಯ ಮಂಡಲವನ್ನು ತೆರೆದೋ ಮುಚ್ಚಿಯೋ ಟೆಲಿಗ್ರಾಫ್ ಯಂತ್ರವನ್ನು ನಡೆಸುತ್ತದೆ. ಅಂದರೆ ಅದು ವಿದ್ಯುತ್ತಿನ ಆವರ್ತನಕ್ಕೆ ಓಗೊಡುವ ಸ್ವಿಚ್ಚು. 1875ರ ಏಪ್ರಿಲ್ 6ರಂದು ಬೆಲ್‌ಗೆ ದೊರೆತ 161739ನೇ ಸಂಖ್ಯೆಯ ಅಮೆರಿಕನ್ ಪೇಟೆಂಟ್ ಇದಕ್ಕೆ ಸಂಬಂಧಿಸಿದ್ದು. ಶಿಕಾಗೋದ ಎಲಿಷಾ ಗ್ರೇ ಎಂಬ ನುರಿತ ವಿದ್ಯುತ್ ತಂತ್ರಜ್ಞ ಕೂಡ ಇದೇ ದಾರಿಯಲ್ಲಿ ನಡೆಯುತ್ತಿದ್ದ. ಇಬ್ಬರ ನಡುವೆ ಪೈಪೋಟಿ ತೀವ್ರವಾಗಿತ್ತು.

ಬೆಲ್‌ಗೆ ವಿದ್ಯುತ್ತಿನ ಜ್ಞಾನ ಕಡಿಮೆ. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ವಿದ್ಯುತ್ತಿನಿಂದ ಶ್ರುತಿಕವೆಗಳನ್ನು ಕಂಪಿಸಿ ಸ್ವರಾಕ್ಷರಗಳ ನಾದವನ್ನು ಹೊರಡಿಸಿದ್ದ. ಜರ್ಮನ್ ಸರಿಯಾಗಿ ಬಾರದ ಬೆಲ್ ಆ ಗ್ರಂಥವನ್ನು ತಿರುವಿಹಾಕಿ, ಸ್ವರಾಕ್ಷರಗಳು ತಂತಿಯ ಮೇಲೆ ಸಾಗಿವೆ ಎಂದೇ ತಪ್ಪಾಗಿ ತಿಳಿದ. ಆ ತಪ್ಪು ತಿಳಿವಳಿಕೆಯೇ ಮಾತನ್ನೂ ತಂತಿಯಲ್ಲಿ ಕಳಿಸಬಹುದೆಂಬ ಧೈರ್ಯ ಕೊಟ್ಟಿತು. 1875ರ ಮಾರ್ಚ್‌ನಲ್ಲಿ ಆತ ವಾಷಿಂಗ್ಟನ್ನಿಗೆ ಹೋಗಿ, ಸ್ಮಿತ್‌ಸೋನಿಯನ್ ಸಂಸ್ಥೆಯ ಮುಖ್ಯಸ್ಥ, ವಿದ್ಯುತ್ಕಾಂತದ ಆದ್ಯರಲ್ಲಿ ಒಬ್ಬರಾದ ವೃದ್ಧ ಜೋಸೆಫ್ ಹೆನ್ರಿ ಅವರನ್ನು ಕಂಡ. ತನಗೆ ವಿದ್ಯುತ್ತಿನ ಜ್ಞಾನ ಸಾಲದೆಂದು ಅಳುಕಿದ ಯುವಕನಿಗೆ ಹಿರಿಯರಿಂದ ಸಿಕ್ಕಿದ್ದು ಎರಡೇ ಪದಗಳ ಉಪದೇಶ: ಆ ಜ್ಞಾನವನ್ನು ಸಂಪಾದಿಸಿಕೋ ಎಂಬುದು ಅದರ ತಾತ್ಪರ್ಯ. ಬೆಲ್ ಅದನ್ನು ಜೀವಮಾನವಿಡೀ ನೆನೆಯುತ್ತಿದ್ದ.

ಸಂಗೀತದ ಟೆಲಿಗ್ರಾಫ್ ಆತನ ಕೈಗೆ ಪೂರ್ತಿ ಒಲಿಯಲಿಲ್ಲ. ಪಟ್ಟಿಗಳ ಶ್ರುತಿ ಹಿಡಿಯುವುದು ಕಷ್ಟ; ಹಿಡಿದದ್ದು ನಿಲ್ಲುವುದು ಇನ್ನೂ ಕಷ್ಟ. 1875ರ ಜೂನ್ 2ರಂದು ಬಾಸ್ಟನ್ನಿನ ಒಂದು ಕಾರ್ಯಾಗಾರದಲ್ಲಿ ಬೆಲ್ ಒಂದು ಕೋಣೆಯಲ್ಲೂ ಸಹಾಯಕ ಥಾಮಸ್ ವಾಟ್ಸನ್ ಇನ್ನೊಂದು ಕೋಣೆಯಲ್ಲೂ ಕುಳಿತು ಹದ ನೋಡುತ್ತಿದ್ದರು. ವಾಟ್ಸನ್ ಬಳಿಯಿದ್ದ ಒಂದು ಪಟ್ಟಿ, ತಿರುಪು ಬಿಗಿಯಾಗಿ, ಅಂಟಿಕೊಂಡುಬಿಟ್ಟಿತು. ಆತ ಅದನ್ನು ಬೆರಳಿನಿಂದ ಮೀಟಿದ. ಇತ್ತ ಬೆಲ್‌ನ ಕಿವಿಗೆ ಬಿದ್ದದ್ದು ಬರಿಯ ಕಡಿದು ಕೂಡಿಸುವ ಕಟಕಟ ಸದ್ದಲ್ಲ. ಮೀಟಿದ ಉಕ್ಕಿನ ನಾದವೇ, ಅದರ ಎಲ್ಲ ಉಪಸ್ವರಗಳ ಸಮೇತ. ಪಟ್ಟಿ ಅಂಟಿಕೊಂಡಿದ್ದರಿಂದ ವಿದ್ಯುತ್ತು ಕಡಿಯದೆ, ದನಿಯ ಏರಿಳಿತವನ್ನೇ ಅನುಸರಿಸಿ ಅಲೆಯಲೆಯಾಗಿ ಹರಿದಿತ್ತು. ಸ್ವಿಚ್ಚು ಸ್ವಿಚ್ಚಾಗಿ ಕೆಲಸ ಮಾಡದೆ ಹೋದ ಆ ಕ್ಷಣದಲ್ಲಿ ಟೆಲಿಫೋನ್ ಹುಟ್ಟಿತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಉಪಕರಣದ ದೋಷವೆಂದು ತಿರುಪು ಸಡಿಲಿಸುತ್ತಿದ್ದರೇನೋ. ದನಿಯ ಮನೆಯಲ್ಲಿ ಬೆಳೆದ ಕಿವಿಗೆ ಅದರ ಅರ್ಥ ತಕ್ಷಣ ಹೊಳೆಯಿತು.

ಮುಂದಿನದು ಜಗತ್ತಿಗೆ ಗೊತ್ತಿರುವ ಕಥೆ. 1876ರ ಫೆಬ್ರುವರಿ 14ರಂದು ಬೆಲ್‌ನ ಅರ್ಜಿಯೂ ಗ್ರೇಯ ಮುನ್ಸೂಚನಾ ಪತ್ರವೂ ಒಂದೇ ದಿನ ಪೇಟೆಂಟ್ ಕಚೇರಿಯನ್ನು ತಲುಪಿದವು. ಮಾರ್ಚ್ 7ರಂದು ಬೆಲ್‌ಗೆ ಪೇಟೆಂಟ್ ದೊರೆಯಿತು. ಮಾರ್ಚ್ 10ರಂದು ತಂತಿಯ ಮೂಲಕ ವಾಟ್ಸನ್‌ಗೆ ಬೆಲ್‌ನ ಮಾತು ಸ್ಪಷ್ಟವಾಗಿ ಕೇಳಿಸಿತು. ಅಂದು ಬಳಸಿದ ದ್ರವ ಪ್ರೇಷಕ ಗ್ರೇ ವಿವರಿಸಿದ್ದನ್ನು ಹೋಲುತ್ತಿದ್ದುದರಿಂದ ಎದ್ದ ಅನುಮಾನ ಇಂದಿಗೂ ಪೂರ್ತಿ ಅಡಗಿಲ್ಲ. ನೂರಾರು ಮೊಕದ್ದಮೆಗಳು ನಡೆದು, 1888ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅಲ್ಪ ಬಹುಮತದಿಂದ ಬೆಲ್‌ನ ಪರ ತೀರ್ಪಿತ್ತಿತು. ಆ ಚಾರಿತ್ರಿಕ ಪೇಟೆಂಟಿನ ಶೀರ್ಷಿಕೆಯಲ್ಲಿ ಇರುವುದು ಟೆಲಿಗ್ರಾಫಿಯ ಸುಧಾರಣೆ ಎಂದಷ್ಟೇ. ಮೊದಲು ಹುಡುಕಹೊರಟದ್ದು ಏನನ್ನು ಎಂಬುದಕ್ಕೆ ಅದೇ ಸಾಕ್ಷಿ.

1877ರ ಜುಲೈ 11ರಂದು ಬೆಲ್ ತನ್ನ ವಿದ್ಯಾರ್ಥಿನಿಯಾಗಿದ್ದ ಮೇಬಲ್ ಹಬ್ಬರ್ಡ್‌ಳನ್ನು ಮದುವೆಯಾದ. ಬಾಲ್ಯದಲ್ಲಿ ಕಾಡಿದ ಜ್ವರದಿಂದ ಆಕೆಯ ಶ್ರವಣಶಕ್ತಿ ಪೂರ್ತಿ ಹೋಗಿತ್ತು. ತುಟಿಗಳ ಚಲನೆ ನೋಡಿ ಮಾತು ಅರಿಯುವುದರಲ್ಲಿ ಆಕೆ ನಿಪುಣೆ. ಎರಡು ದಿನ ಮೊದಲಷ್ಟೇ ಸ್ಥಾಪನೆಯಾಗಿದ್ದ ಟೆಲಿಫೋನ್ ಕಂಪನಿಯ ತನ್ನ ಷೇರುಗಳಲ್ಲಿ ಹತ್ತನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಬೆಲ್ ಆಕೆಗೆ ಉಡುಗೊರೆಯಾಗಿ ಕೊಟ್ಟ. ಗಂಡ ಲೋಕಕ್ಕೆ ಕೊಟ್ಟ ಯಂತ್ರವನ್ನು ಹೆಂಡತಿ ಒಂದು ದಿನವೂ ಬಳಸಲಾಗಲಿಲ್ಲ.

ಹಣ ಬಂದ ಮೇಲೂ ಬೆಲ್ ಸುಮ್ಮನೆ ಕೂರಲಿಲ್ಲ. 1880ರಲ್ಲಿ ಬೆಳಕಿನ ಕಿರಣದ ಮೇಲೆ ಮಾತನ್ನು ಕಳಿಸಿ ತೋರಿಸಿದ. 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡ್ ಗುಂಡೇಟಿನಿಂದ ಮಲಗಿದ್ದಾಗ, ದೇಹದೊಳಗಿನ ಗುಂಡನ್ನು ಶಬ್ದದಿಂದ ಪತ್ತೆಹಚ್ಚುವ ವಿದ್ಯುತ್ ಉಪಕರಣವನ್ನು ತಯಾರಿಸಿ ಒಯ್ದ. ಅಧ್ಯಕ್ಷರ ಹಾಸಿಗೆಯಲ್ಲಿದ್ದ ಉಕ್ಕಿನ ಸ್ಪ್ರಿಂಗುಗಳು ಅದರ ಸದ್ದನ್ನು ಕೆಡಿಸಿದವು. ಗುಂಡು ಬಲಪಾರ್ಶ್ವದಲ್ಲಿದೆ ಎಂದು ನಂಬಿದ್ದ ಮುಖ್ಯ ವೈದ್ಯ ಆ ಭಾಗವನ್ನಷ್ಟೇ ಪರೀಕ್ಷಿಸಲು ಬಿಟ್ಟ. ಗುಂಡು ಇದ್ದದ್ದು ಎಡಗಡೆ. ಉಪಕರಣ ಎಷ್ಟೇ ಸೂಕ್ಷ್ಮವಾಗಿರಲಿ, ಅದನ್ನು ಎಲ್ಲಿಗೆ ತಿರುಗಿಸುತ್ತೇವೆ ಎಂಬುದು ನಮ್ಮ ನಂಬಿಕೆಯನ್ನು ಅವಲಂಬಿಸಿದೆ. ಈ ಪಾಠ ಬೆಲ್‌ಗೆ ಅಂದು ಹತ್ತಿರದಿಂದ ಕಾಣಿಸಿತು. ಆದರೆ ತನ್ನ ಬದುಕಿನ ಮುಖ್ಯ ಕೆಲಸಕ್ಕೆ ಆತ ಅದನ್ನು ಅನ್ವಯಿಸಿಕೊಳ್ಳಲಿಲ್ಲ.

ಆ ಮುಖ್ಯ ಕೆಲಸ ಕಿವುಡರ ಶಿಕ್ಷಣ. ಬೆಲ್ ತನ್ನನ್ನು ಕೊನೆಯವರೆಗೂ ಕಿವುಡರ ಶಿಕ್ಷಕನೆಂದೇ ಗುರುತಿಸಿಕೊಂಡ. ಹೆಲೆನ್ ಕೆಲರ್‌ಳನ್ನು ಎತ್ತಿಕೊಂಡು ಬಂದ ತಂದೆಗೆ 1886ರಲ್ಲಿ ಬಾಸ್ಟನ್ನಿನ ಪರ್ಕಿನ್ಸ್ ಸಂಸ್ಥೆಯ ದಾರಿ ತೋರಿಸಿದ್ದು ಬೆಲ್. ಆ ದಾರಿಯಿಂದಲೇ ಗುರು ಆನ್ ಸಲಿವನ್ ಆ ಮಗುವಿಗೆ ದೊರೆತದ್ದು. ಕೆಲರ್ 1903ರಲ್ಲಿ ತನ್ನ ಆತ್ಮಕಥೆಯನ್ನು ಬೆಲ್‌ಗೆ ಅರ್ಪಿಸಿದಳು. ಇದು ಆತನ ಬದುಕಿನ ಬೆಳಕಿನ ಮುಖ.

ಇನ್ನೊಂದು ಮುಖವೂ ಇದೆ. ಕಿವುಡರು ಬಾಯಿಂದ ಮಾತನಾಡುವುದನ್ನೂ ತುಟಿ ಓದುವುದನ್ನೂ ಕಲಿಯಲೇಬೇಕು, ಸನ್ನೆಯ ಭಾಷೆ ಅವರನ್ನು ಸಮಾಜದಿಂದ ದೂರವಿಡುತ್ತದೆ ಎಂಬುದು ಬೆಲ್‌ನ ಅಚಲ ನಂಬಿಕೆ. ತಾಯಿ, ಹೆಂಡತಿ ಇಬ್ಬರೂ ಮಾತು ಬಲ್ಲವರು. ಆ ಇಬ್ಬರ ಅನುಭವವನ್ನೇ ಎಲ್ಲರ ಅಳತೆಗೋಲು ಮಾಡಿಕೊಂಡ. 1883ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಮುಂದೆ ಮಂಡಿಸಿದ ಪ್ರಬಂಧದಲ್ಲಿ, ಕಿವುಡರು ಕಿವುಡರನ್ನೇ ಮದುವೆಯಾಗುತ್ತಾ ಹೋದರೆ ಮನುಷ್ಯರಲ್ಲಿ ಕಿವುಡರದೇ ಒಂದು ತಳಿ ಹುಟ್ಟೀತೆಂದು ಎಚ್ಚರಿಸಿದ. ಕಾನೂನಿನಿಂದ ಅಂತಹ ಮದುವೆಯನ್ನು ತಡೆಯುವುದು ಕಾರ್ಯಸಾಧ್ಯವೆಂದು ಆತನಿಗೆ ಅನ್ನಿಸಲಿಲ್ಲ. ಆದರೆ ಕಿವುಡರ ವಸತಿ ಶಾಲೆಗಳು, ಸನ್ನೆ ಭಾಷೆ, ಕಿವುಡ ಶಿಕ್ಷಕರು ಕಡಿಮೆಯಾಗಬೇಕೆಂದು ವಾದಿಸಿದ. ಕಿವುಡ ಮಕ್ಕಳಲ್ಲಿ ಹೆಚ್ಚಿನವರು ಕಿವಿ ಕೇಳುವ ತಂದೆತಾಯಿಗಳಿಗೇ ಹುಟ್ಟುತ್ತಾರೆ ಎಂಬ ಸಂಗತಿ ಆ ವಾದದ ಬುಡವನ್ನೇ ಅಲುಗಿಸುವಂಥದು. 1921ರಲ್ಲಿ ಎರಡನೆಯ ಅಂತರರಾಷ್ಟ್ರೀಯ ಸುಜನನ ಸಮ್ಮೇಳನದ ಗೌರವಾಧ್ಯಕ್ಷನಾಗಿ ಆತನ ಹೆಸರಿತ್ತು. ತಳಿಶುದ್ಧಿಯ ಆ ವಿಚಾರಧಾರೆ ಮುಂದೆ ಯುರೋಪಿನಲ್ಲಿ ಏನು ಮಾಡಿತೆಂಬುದನ್ನು ಹೇಳಬೇಕಿಲ್ಲ.

ಅಮೆರಿಕದ ಪೂರ್ವ ಕರಾವಳಿಯ ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದಲ್ಲಿ ಹಲವು ತಲೆಮಾರುಗಳಿಂದ ಕಿವುಡರ ಸಂಖ್ಯೆ ಹೆಚ್ಚು. ಬೆಲ್ ಅಲ್ಲಿಗೆ ಹೋಗಿ ಮನೆತನಗಳ ವಂಶಾವಳಿಯನ್ನು ಶ್ರಮಪಟ್ಟು ಕಲೆಹಾಕಿದ. ಆ ದ್ವೀಪದಲ್ಲಿ ಕಿವಿ ಕೇಳುವವರೂ ಸನ್ನೆ ಭಾಷೆ ಬಲ್ಲವರಾಗಿದ್ದರು. ಮೀನುಗಾರರು, ರೈತರು, ಅಂಗಡಿಯವರು ಎಲ್ಲರೂ ಕೈಯಲ್ಲಿ ಮಾತನಾಡುತ್ತಿದ್ದುದರಿಂದ ಅಲ್ಲಿ ಕಿವುಡುತನ ಯಾರನ್ನೂ ಒಂಟಿಯಾಗಿಸಿರಲಿಲ್ಲ. ಬೆಲ್ ಹುಡುಕುತ್ತಿದ್ದ ಪ್ರಶ್ನೆಗೆ ಉತ್ತರ ಕಣ್ಣ ಮುಂದೆಯೇ ಇತ್ತು. ಆದರೆ ಆತ ಹುಡುಕುತ್ತಿದ್ದದ್ದು ಅನುವಂಶೀಯತೆಯನ್ನು. ತನ್ನ ರೀಡಿನ ಹಾಗೆಯೇ ಆತನೂ ಒಂದು ಶ್ರುತಿಗೆ ಹದಗೊಂಡಿದ್ದ. ಉಳಿದ ಸ್ವರಗಳು ಅದೇ ತಂತಿಯಲ್ಲಿ ಬಂದರೂ ಕೇಳಿಸಲಿಲ್ಲ.

ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿ ಶಾಲೆಗಳಲ್ಲಿ ಸನ್ನೆ ಭಾಷೆಯನ್ನು ಕೈಬಿಡುವ ನಿರ್ಣಯ ಮಾಡಿತ್ತು. ಬೆಲ್‌ನ ಪ್ರಭಾವ ಅದೇ ಪ್ರವಾಹಕ್ಕೆ ಬಲ ತುಂಬಿತು. ಆ ನಿರ್ಣಯಗಳ ಬಗ್ಗೆ ವಿಷಾದ ವ್ಯಕ್ತವಾಗಲು 2010ರ ವ್ಯಾಂಕೂವರ್ ಸಮ್ಮೇಳನದವರೆಗೆ ಕಾಯಬೇಕಾಯಿತು. ನಮ್ಮಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿಗೆ ಕೇಂದ್ರ ಸರ್ಕಾರ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿದ್ದು 2015ರಲ್ಲಿ. ನೂರಮೂವತ್ತು ವರ್ಷಗಳ ಕಾಲ ಎಷ್ಟು ಮಕ್ಕಳ ಕೈಗಳನ್ನು ಹಿಡಿದು ಸುಮ್ಮನಿರಿಸಲಾಯಿತೋ ಲೆಕ್ಕವಿಟ್ಟವರಾರು?

ಬೆಲ್ ಕೊನೆಯ ದಶಕಗಳನ್ನು ಹೆಚ್ಚಾಗಿ ಕೆನಡಾದ ನೋವಾ ಸ್ಕೋಷಿಯಾದ ಬ್ಯಾಡೆಕ್‌ನಲ್ಲಿ ಕಳೆದ. ಆತನ ತಂಡದ ವಿಮಾನ 1909ರಲ್ಲಿ ಅಲ್ಲಿನ ಹೆಪ್ಪುಗಟ್ಟಿದ ಸರೋವರದಿಂದ ಹಾರಿತು. 1919ರಲ್ಲಿ ಆತನ ದೋಣಿ ನೀರಿನ ಮೇಲೆ ಗಂಟೆಗೆ ಸುಮಾರು 114 ಕಿಲೋಮೀಟರ್ ವೇಗದಲ್ಲಿ ಓಡಿ ದಾಖಲೆ ಮಾಡಿತು. 1922ರ ಆಗಸ್ಟ್ 2ರಂದು ಬೆಲ್ ನಿಧನನಾದ. ಅಂತ್ಯಸಂಸ್ಕಾರದ ವೇಳೆ ಉತ್ತರ ಅಮೆರಿಕದ ಟೆಲಿಫೋನುಗಳು ಒಂದು ನಿಮಿಷ ಮೌನವಾದವು.

ಇತ್ತ, ಆತ ನಡುದಾರಿಯಲ್ಲಿ ಬಿಟ್ಟುಹೋದ ಹದಗೊಂಡ ಉಕ್ಕಿನ ಪಟ್ಟಿ ಬೇರೆ ಕೈಗಳಲ್ಲಿ ಬೆಳೆಯಿತು. ಹಳೆಯ ವಿದ್ಯುತ್ ಕೇಂದ್ರಗಳ ಫಲಕಗಳಲ್ಲಿ ಸಾಲಾಗಿ ಜೋಡಿಸಿದ ಸಣ್ಣ ರೀಡುಗಳ ಮಾಪಕವಿರುತ್ತಿತ್ತು. ಯಾವ ರೀಡಿನ ಬಿಳಿಯ ತುದಿ ಅದುರಿ ಮಸುಕಾಗಿ ಕಾಣುತ್ತದೋ ಅದೇ ಜಾಲದ ಆವರ್ತನ. ಯುರೋಪಿನ ಊರುಗಳಲ್ಲಿ ಬೀದಿ ದೀಪಗಳನ್ನೂ ನೀರು ಕಾಯಿಸುವ ಹಂಡೆಗಳನ್ನೂ ದೂರದಿಂದಲೇ ಹಚ್ಚಿ ಆರಿಸಲು, ವಿದ್ಯುತ್ ತಂತಿಯ ಮೇಲೆಯೇ ಬೇರೊಂದು ಆವರ್ತನದ ಸಂಕೇತ ಕಳಿಸಿ ರಿಲೇಗಳನ್ನು ಎಚ್ಚರಿಸುವ ಪದ್ಧತಿ ಬಂತು. ವಿದ್ಯುತ್ ಜಾಲವನ್ನು ಕಾಯುವ ಆವರ್ತನ ರಿಲೇಗಳನ್ನು ರೂಪಿಸಿದವರು ಬೇರೆ ಎಂಜಿನಿಯರುಗಳು; ಇಂದಿನ ರಿಲೇಯಲ್ಲಿ ಉಕ್ಕಿನ ಪಟ್ಟಿಯೂ ಇಲ್ಲ, ಆವರ್ತನವನ್ನು ಅಂಕಿಗಳಲ್ಲಿ ಎಣಿಸುವ ಚಿಪ್ ಇದೆ. ಆದರೆ ತತ್ವ ಒಂದೇ: ವಿದ್ಯುತ್ತಿನ ಸ್ವರವನ್ನು ಕೇಳಿಸಿಕೊಂಡು ಸ್ವಿಚ್ಚು ತಾನೇ ನಿರ್ಧರಿಸುವುದು. ಬೆಲ್ ಸೇವೆ ಮಾಡಬಯಸಿದ್ದ ಟೆಲಿಗ್ರಾಫ್ ಸೇವೆ ಭಾರತದಲ್ಲಿ 2013ರ ಜುಲೈನಲ್ಲಿ ನಿಂತುಹೋಯಿತು. ಅದೇ ವರ್ಷದ ಕೊನೆಯ ರಾತ್ರಿ ರಾಯಚೂರಿನಲ್ಲಿ ಇಡೀ ದೇಶ ಒಂದೇ ಆವರ್ತನಕ್ಕೆ ಕಟ್ಟಿಕೊಂಡಿತು.

ಈ ಕಟ್ಟು ವರವೂ ಹೌದು, ಹೊಣೆಯೂ ಹೌದು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದು, ಎರಡನೆಯ ದಿನ ಪೂರ್ವ ಮತ್ತು ಈಶಾನ್ಯವೂ ಅದರ ಜೊತೆ ಕತ್ತಲಾಗಿ, 60 ಕೋಟಿಗೂ ಹೆಚ್ಚು ಜನ ವಿದ್ಯುತ್ತಿಲ್ಲದೆ ಉಳಿದರು. ಆವರ್ತನ ರಿಲೇಗಳು ಕಳಚಬೇಕಿದ್ದಷ್ಟು ಹೊರೆಯನ್ನು ಕಳಚಲಿಲ್ಲವೆಂಬುದನ್ನು ತನಿಖಾ ಸಮಿತಿಯೂ ಗುರುತಿಸಿತು. ಅಂದು ದಕ್ಷಿಣ ಉಳಿದುಕೊಂಡದ್ದು ಅದು ಬೇರೆ ಲಯದಲ್ಲಿ ಇದ್ದುದರಿಂದ. ಈಗ ಲಯ ಒಂದೇ. ಎಲ್ಲೋ ದೂರದ ರಾಜ್ಯದಲ್ಲಿ ದೊಡ್ಡ ಸ್ಥಾವರವೊಂದು ನಿಂತರೆ ಅದರ ನಡುಕ ಕೃಷ್ಣಾ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡನ್ನೂ ತಟ್ಟುತ್ತದೆ.

ಆದ್ದರಿಂದ ರಿಲೇ ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ರಿಲೇ ಇಲ್ಲದಿದ್ದರೆ ಎಲ್ಲರಿಗೂ ಕತ್ತಲೆ. ಪ್ರಶ್ನೆಯಿರುವುದು ಅದನ್ನು ಯಾವ ಫೀಡರಿಗೆ ಕಟ್ಟುತ್ತೇವೆ ಎಂಬುದರಲ್ಲಿ. ಆಸ್ಪತ್ರೆಯಂತಹ ಅತ್ಯಗತ್ಯ ಸೇವೆಗಳ ಫೀಡರುಗಳನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ, ಅದು ಸರಿಯಾದುದೇ. ಉಳಿದವುಗಳಲ್ಲಿ ಯಾವುದು ಮೊದಲು, ಯಾವುದು ಕೊನೆಗೆ? ಅದು ವಿಜ್ಞಾನದ ನಿಯಮವಲ್ಲ, ಮನುಷ್ಯರ ತೀರ್ಮಾನ. 1985ರಿಂದ ಶಕ್ತಿನಗರದ ಹೊಗೆಯನ್ನೂ ಹಾರುಬೂದಿಯನ್ನೂ ಉಂಡು, 1720 ಮೆಗಾವಾಟ್ ಸಾಮರ್ಥ್ಯದ ಸ್ಥಾವರವನ್ನು ಮಡಿಲಲ್ಲಿ ಇಟ್ಟುಕೊಂಡ ಜಿಲ್ಲೆ ಇದು. ಇದೇ ಜಿಲ್ಲೆಯನ್ನು 2018ರಲ್ಲಿ ಕೇಂದ್ರ ಸರ್ಕಾರ ಹಿಂದುಳಿದ, ಮೇಲೇಳಬೇಕಾದ ಜಿಲ್ಲೆಗಳ ಪಟ್ಟಿಗೆ ಸೇರಿಸಿತು. 2023ರ ಬರಗಾಲದಲ್ಲಿ ಪಂಪ್‌ಸೆಟ್ಟುಗಳಿಗೆ ಸಿಗುತ್ತಿದ್ದ ಏಳು ತಾಸಿನ ವಿದ್ಯುತ್ತು ಐದು ತಾಸಿಗೆ ಇಳಿದಾಗ ಎರಡು ತಾಸಿನ ಬೆಲೆ ಏನೆಂಬುದು ರೈತರಿಗೆ ತಿಳಿಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿರುವ ಮಾನ್ವಿಯ ರೈತನಿಗೆ ಸರದಿಯ ಕೊನೆಯಲ್ಲಿ ನಿಲ್ಲುವುದೆಂದರೇನೆಂದು ಹೊಸದಾಗಿ ಹೇಳಿಕೊಡಬೇಕಿಲ್ಲ. ನೀರಿನ ಸರದಿಯ ಬಗ್ಗೆ ಆತ ರಸ್ತೆಗಿಳಿದು ಕೇಳಬಲ್ಲ. ಸೆಕೆಂಡಿನೊಳಗೆ ತೀರ್ಮಾನ ಮಾಡಿ ಮುಗಿಸುವ ರಿಲೇಯನ್ನು ಕೇಳುವುದು ಹೇಗೆ?

ಕೇಳಬೇಕಾದದ್ದು ಅದಕ್ಕೆ ಮೊದಲು, ಫೀಡರುಗಳ ಪಟ್ಟಿ ತಯಾರಾಗುವಾಗ. ತಾಂತ್ರಿಕ ಸಮಿತಿಗಳ ಕಡತದಲ್ಲಿ ಉಳಿಯುವ ಆ ಪಟ್ಟಿ ದೇವದುರ್ಗ, ಮಾನ್ವಿಗಳ ಜನರಿಗೆ ಅವರ ಭಾಷೆಯಲ್ಲಿ ತಿಳಿಯುವಂತಾಗಬೇಕು. ಕತ್ತಲೆಯ ಸರದಿ ಹಳ್ಳಿಗೂ ನಗರಕ್ಕೂ ನ್ಯಾಯವಾಗಿ ತಿರುಗಬೇಕು. ಯಾವ ಹೊತ್ತಿನಲ್ಲಿ ಗದ್ದೆಗೆ ನೀರು ಬೇಕು, ಯಾವ ಹೊತ್ತಿನಲ್ಲಿ ಮಕ್ಕಳು ಓದಲು ಕೂರುತ್ತಾರೆ ಎಂಬುದನ್ನು ಅಲ್ಲಿಯವರ ಬಾಯಿಂದಲೇ ಕೇಳಿ ತಿಳಿಯಬೇಕು. ತಾಯಿಯ ಹಣೆಗೆ ಬಾಯಿಟ್ಟು ಮಾತನಾಡಿದ ಹುಡುಗ ಆಕೆಗೆ ಹೇಗೆ ಕೇಳಿಸುತ್ತದೆಂದು ಮೊದಲು ಆಕೆಯಿಂದಲೇ ಕಲಿತಿದ್ದ. ದೊಡ್ಡವನಾದ ಮೇಲೆ ಸಾವಿರಾರು ಕಿವುಡ ಮಕ್ಕಳ ಪರವಾಗಿ ತೀರ್ಮಾನ ಮಾಡುವಾಗ ಅವರನ್ನು ಹಾಗೆ ಕೇಳುವುದನ್ನು ಮರೆತ. ಜಾಲದ ಶ್ರುತಿ ಹಿಡಿಯುವವರು ಆ ಹುಡುಗನನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.